ಬೈಬಲ್‌ನ ‘ಹಿಮದ ಭಂಡಾರ’ದಲ್ಲಿ ವಿಜ್ಞಾನ ಅಡಗಿದೆಯೇ? ಹೀಬ್ರೂ ಗ್ರಂಥಗಳಲ್ಲಿ ಮಂಜುಗಡ್ಡೆಗೆ ಇರುವ ಅರ್ಥವೇನು?

ಹಿಮದ ಹರಳಿನ ಒಂದು ಸುಂದರ ಫೋಟೊ. ಅದರ ಕೆಳಗೆ ಬೈಬಲ್‌ನ ಯೋಬನ ಗ್ರಂಥದ ವಚನ ಸಂಖ್ಯೆ. ಆಮೇಲೆ ಒಂದು ಘೋಷಣೆ: ಸೂಕ್ಷ್ಮದರ್ಶಕ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಈ ಗ್ರಂಥಕ್ಕೆ ಹಿಮದ ಹರಳಿನ ರಹಸ್ಯ ಗೊತ್ತಿತ್ತು! ಈ ಅರ್ಥದ ಸಂದೇಶಗಳು ಹಲವು ಭಾಷೆಗಳಲ್ಲಿ ಬಹಳ ಕಾಲದಿಂದ ಓಡಾಡುತ್ತಿವೆ. ಇದರ ಜೊತೆಗೆ ಇನ್ನೆರಡು ವಾದಗಳೂ ಬರುತ್ತವೆ. ಯೋಬನ ಗ್ರಂಥದಲ್ಲಿ ಮಂಜುಗಡ್ಡೆಯ ಮಾತು ಇಷ್ಟೊಂದು ಇರುವುದರಿಂದ ಅದು ಹಿಮಯುಗದ ನೆನಪು ಎಂಬುದು ಒಂದು. ಬೈಬಲ್‌ನಲ್ಲಿ ಹಿಮ, ಮಂಜು ಎಲ್ಲಿ ಬಂದರೂ ಅದರ ಅರ್ಥ ಪಾಪದ ಕ್ಷಮೆ ಎಂಬುದು ಇನ್ನೊಂದು.

ಮೂರನ್ನೂ ನಾವು ಮೂಲದ ಜೊತೆ ಇಟ್ಟು ನೋಡಿದೆವು. ಮೊದಲ ಎರಡು ನಿಲ್ಲುವುದಿಲ್ಲ. ಮೂರನೆಯದು ಅರ್ಧ ಸರಿ. ಆದರೆ ಮೂಲದಲ್ಲಿ ಇರುವುದು ಈ ಫಾರ್ವರ್ಡ್‌ಗಳಿಗಿಂತ ಎಷ್ಟೋ ಆಸಕ್ತಿಕರವಾಗಿದೆ. ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ

ಹೀಬ್ರೂ ಗ್ರಂಥ ಎಂದರೆ ಯಹೂದಿಗಳ ತನಖ್. ಕ್ರೈಸ್ತರು ಹೆಚ್ಚುಕಡಿಮೆ ಇದನ್ನೇ ಹಳೆ ಒಡಂಬಡಿಕೆ ಎಂದು ಓದುತ್ತಾರೆ. ಕನ್ನಡದಲ್ಲಿ ಓದುವವರಿಗೆ ಇಲ್ಲೊಂದು ತೊಡಕಿದೆ. ನಮ್ಮ ‘ಮಂಜು’ ಎಂಬ ಒಂದೇ ಪದ ಮುಂಜಾವದ ಕಾವಳವೂ ಆಗುತ್ತದೆ, ಹುಲ್ಲಿನ ಮೇಲಿನ ಹನಿಯೂ ಆಗುತ್ತದೆ, ಹಿಮಾಲಯದ ಹಿಮವೂ ಆಗುತ್ತದೆ. ಆಕಾಶದಿಂದ ಗಟ್ಟಿಯಾಗಿ ಬೀಳುವುದರಲ್ಲಿ ನಮ್ಮ ಬಹುತೇಕ ಊರುಗಳು ಕಂಡಿರುವುದು ಆಲಿಕಲ್ಲನ್ನು ಮಾತ್ರ. ಹಾಗಾಗಿ ನಮಗೆ ಹೆಚ್ಚು ಪದಗಳು ಬೇಕಾಗಿಯೂ ಇರಲಿಲ್ಲ.

ಹೀಬ್ರೂ ಭಾಷೆ ಇವನ್ನು ಬೇರೆ ಬೇರೆಯಾಗಿ ಕರೆಯುತ್ತದೆ. ‘ಶೆಲೆಗ್’ ಎಂದರೆ ಬೀಳುವ ಹಿಮ. ‘ಬಾರಾದ್’ ಆಲಿಕಲ್ಲು. ‘ಕೆರಖ್’ ಎಂದರೆ ಮಂಜುಗಡ್ಡೆ, ಕೆಲವು ಕಡೆ ಕೊರೆಯುವ ರಾತ್ರಿಯ ಚಳಿ. ‘ಕೆಫೋರ್’ ಎಂದರೆ ನೆಲದ ಮೇಲೆ ಬಿಳಿ ಹುಡಿಯಂತೆ ಹೆಪ್ಪುಗಟ್ಟುವ ಇಬ್ಬನಿ. ಶೆಲೆಗ್ ಬಗ್ಗೆ ಹೇಳಿದ್ದನ್ನು ಕೆರಖ್‌ಗೆ, ಕೆಫೋರ್ ಬಗ್ಗೆ ಹೇಳಿದ್ದನ್ನು ಶೆಲೆಗ್‌ಗೆ ಅಂಟಿಸಿದಾಗಲೇ ಅರ್ಧ ಗೊಂದಲ ಹುಟ್ಟುವುದು.

‘ಭಂಡಾರ’ ಎಂದರೆ ಒಡವೆಯ ಪೆಟ್ಟಿಗೆಯಲ್ಲ

ಫಾರ್ವರ್ಡ್‌ಗಳ ಮೆಚ್ಚಿನ ವಚನ ಯೋಬನ ಗ್ರಂಥದ 38:22. ಹಿಮದ ಭಂಡಾರಗಳನ್ನು ನೀನು ಹೊಕ್ಕು ನೋಡಿದ್ದೀಯಾ ಎಂದು ದೇವರು ಯೋಬನನ್ನು ಕೇಳುವ ಸಂದರ್ಭ ಅದು. 1611ರ ಪ್ರಸಿದ್ಧ ಇಂಗ್ಲಿಷ್ ಅನುವಾದ ಇಲ್ಲಿ ‘ನಿಧಿ’ ಎಂಬ ಅರ್ಥ ಬರುವ ಪದ ಬಳಸಿತು. ನಿಧಿ ಎಂದ ಕೂಡಲೇ ರತ್ನ, ಆಭರಣ, ಕುಸುರಿ ಕೆಲಸ ಕಣ್ಣಮುಂದೆ ಬರುತ್ತದೆ. ಅಲ್ಲಿಂದ ಹಿಮದ ಹರಳಿನ ಆರು ಮೂಲೆಗೆ ಹಾರುವುದು ಸುಲಭ.

ಮೂಲದ ಪದ ‘ಓತ್ಸಾರ್’. ಅದು ದಾಸ್ತಾನು ಮಾಡುವ ಜಾಗ: ಕಣಜ, ಉಗ್ರಾಣ, ಖಜಾನೆ, ಆಯುಧಾಗಾರ ಎಲ್ಲದಕ್ಕೂ ಆ ಪದ ಸಲ್ಲುತ್ತದೆ. ಗಾಳಿಗೂ ಇಂಥ ಉಗ್ರಾಣವಿದೆ ಎಂದು 135ನೇ ಕೀರ್ತನೆ ಹೇಳುತ್ತದೆ. ಮಳೆಗೂ ಇದೆ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಯೆರೆಮೀಯನ ಗ್ರಂಥದ 50ನೇ ಅಧ್ಯಾಯದಲ್ಲಿ ದೇವರು ಇದೇ ಪದದ ಆಯುಧಾಗಾರವನ್ನು ತೆರೆಯುತ್ತಾನೆ. ಯೋಬನ ಗ್ರಂಥದಲ್ಲಿ ಯಾವ ಅರ್ಥ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ, ಮುಂದಿನ ವಚನ ಓದಿದರೆ ಸಾಕು. ಈ ಹಿಮ ಮತ್ತು ಆಲಿಕಲ್ಲನ್ನು ಇಕ್ಕಟ್ಟಿನ ಕಾಲಕ್ಕೆಂದು, ಯುದ್ಧದ ದಿನಕ್ಕೆಂದು ಕಾಯ್ದಿರಿಸಲಾಗಿದೆ ಎಂಬುದು 38:23ರ ತಾತ್ಪರ್ಯ. ಫಾರ್ವರ್ಡ್‌ಗಳಲ್ಲಿ ಈ ವಚನ ಇರುವುದೇ ಇಲ್ಲ. ಯೆಹೋಶುವನ ಗ್ರಂಥದ 10ನೇ ಅಧ್ಯಾಯದ ಯುದ್ಧದಲ್ಲಿ ಕತ್ತಿಗೆ ಸತ್ತವರಿಗಿಂತ ಆಲಿಕಲ್ಲಿಗೆ ಸತ್ತವರೇ ಹೆಚ್ಚು ಎಂಬ ಮಾತು ಬರುತ್ತದೆ. ಐಗುಪ್ತದ ಮೇಲೆ ಬಿದ್ದ ಆಲಿಕಲ್ಲಿನ ಕಥೆಯಂತೂ ಎಲ್ಲರಿಗೂ ಗೊತ್ತು.

ಹಾಗಾದರೆ ಹಿಮದ ಹರಳಿನ ಆಕಾರದ ಕಥೆ? ಅದು ಬೇರೆಯೇ. ಹರಳಿಗೆ ಆರೇ ಮೂಲೆ ಏಕೆ ಎಂದು ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲಿ ಒಂದು ಪುಟ್ಟ ಪುಸ್ತಕವನ್ನೇ ಬರೆದ. 1885ರಲ್ಲಿ ಅಮೆರಿಕದ ವಿಲ್ಸನ್ ಬೆಂಟ್ಲಿ ಎಂಬ ರೈತ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಮೊದಲ ಹರಳಿನ ಫೋಟೊ ತೆಗೆದ. ಮುಂದೆ 5,000ಕ್ಕೂ ಹೆಚ್ಚು ಫೋಟೊ ತೆಗೆದು, ಒಂದರಂತೆ ಇನ್ನೊಂದಿಲ್ಲ ಎಂಬ ಮಾತನ್ನು ಜನಪ್ರಿಯಗೊಳಿಸಿದವನೂ ಅವನೇ. ಅವನ ಊರಿನ ಹೆಸರು ಜೆರಿಕೊ. ಬೈಬಲ್‌ನ ಯೆರಿಕೋ ಪಟ್ಟಣದ ಹೆಸರೇ! ಬೈಬಲ್ ಜೊತೆ ನಂಟು ಬೇಕೇಬೇಕು ಎನ್ನುವವರು ಇಷ್ಟನ್ನು ಹಂಚಿಕೊಳ್ಳಬಹುದು. 1936ರಲ್ಲಿ ಜಪಾನಿನ ಉಕಿಚಿರೊ ನಕಾಯಾ ಪ್ರಯೋಗಾಲಯದಲ್ಲೇ ಹಿಮದ ಹರಳನ್ನು ಬೆಳೆಸಿ ತೋರಿಸಿದರು. ಇವರಲ್ಲಿ ಯಾರೂ ಉತ್ತರವನ್ನು ಯೋಬನ ಗ್ರಂಥದಿಂದ ತೆಗೆದುಕೊಳ್ಳಲಿಲ್ಲ. ಅಲ್ಲಿ ಉತ್ತರ ಇರಲೂ ಇಲ್ಲ.

ನಮ್ಮ ಪ್ರಕಾರ ಮುಖ್ಯ ವಿಷಯ ಇದು. 38ನೇ ಅಧ್ಯಾಯ ಪೂರ್ತಿ ಪ್ರಶ್ನೆಗಳ ಸುರಿಮಳೆ. ಮಕ್ಕಳನ್ನು, ಆಸ್ತಿಯನ್ನು, ಆರೋಗ್ಯವನ್ನು ಕಳೆದುಕೊಂಡ ಯೋಬ ತನಗೇಕೆ ಈ ಶಿಕ್ಷೆ ಎಂದು ದೇವರನ್ನು ಕಟಕಟೆಗೆ ಕರೆದಿದ್ದಾನೆ. ದೇವರು ಅದಕ್ಕೆ ನೇರ ಉತ್ತರ ಕೊಡುವುದಿಲ್ಲ. ಭೂಮಿಯ ಅಡಿಪಾಯ, ಸಮುದ್ರ, ಬೆಳಕು, ಹಿಮ ಹೀಗೆ ಒಂದೊಂದನ್ನೇ ತೋರಿಸಿ ಇದು ನಿನಗೆ ಗೊತ್ತೇ ಎಂದು ಕೇಳುತ್ತಾನೆ. 28, 29ನೇ ವಚನಗಳಲ್ಲಿ ಮಳೆಗೆ ತಂದೆ ಯಾರು, ಮಂಜುಗಡ್ಡೆ ಯಾರ ಬಸಿರಿನಿಂದ ಬಂತು, ಆಕಾಶದ ಕೆಫೋರನ್ನು ಹೆತ್ತವರು ಯಾರು ಎಂಬ ಪ್ರಶ್ನೆಗಳು ಬರುತ್ತವೆ. ಹರಿಯುವ ನೀರು ಕಲ್ಲಿನಂತೆ ಗಟ್ಟಿಯಾಗುವ ವಿಚಿತ್ರವೂ ಅಲ್ಲೇ ಇದೆ. ಕಲ್ಲಿನಂಥ ತಣ್ಣನೆಯ ವಸ್ತುವಿಗೆ ಬಸಿರು, ಹೆರಿಗೆಯ ಮಾತು! ಮಂಜುಗಡ್ಡೆಗೆ ಹೆತ್ತವರಿಲ್ಲ, ಒಡೆಯನಿಲ್ಲ, ಅದನ್ನು ಮಾಡಿದೆ ಎನ್ನುವ ಮನುಷ್ಯನಿಲ್ಲ ಎಂಬುದು ಇದರ ಧಾರ್ಮಿಕ ಅರ್ಥ. ನಿನಗೆ ಗೊತ್ತಿಲ್ಲ ಎಂದು ಹೇಳುವುದಕ್ಕೆ ಬರೆದ ಮಾತನ್ನು ನಮಗೆ ಮೊದಲೇ ಗೊತ್ತಿತ್ತು ಎಂಬ ಹೆಮ್ಮೆಗೆ ಬಳಸಿದರೆ ಗ್ರಂಥ ತಲೆಕೆಳಗಾಗುತ್ತದೆ. ಇದು ಒಂದು ಧರ್ಮದವರ ಚಟವೇನಲ್ಲ. ಪುರಾಣದಲ್ಲಿ ವಿಮಾನ ಹುಡುಕುವ ಸಂದೇಶಗಳು ನಮ್ಮೆಲ್ಲರ ಫೋನಿನಲ್ಲೂ ಇವೆ.

ಹಿಮಯುಗದ ನೆನಪೇ?

ಅಲ್ಲ. ಕೊನೆಯ ಹಿಮಯುಗ ಮುಗಿದು ಸುಮಾರು 11,700 ವರ್ಷಗಳಾದವು. ಬರವಣಿಗೆ ಹುಟ್ಟಿದ್ದೇ ಸುಮಾರು 5,000 ವರ್ಷಗಳ ಹಿಂದೆ. ಯೋಬನ ಗ್ರಂಥವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಪೂ. 7 ಮತ್ತು 4ನೇ ಶತಮಾನಗಳ ನಡುವೆ ಇಡುತ್ತಾರೆ.

ಆ ನಾಡಿನಲ್ಲಿ ಮಂಜುಗಡ್ಡೆ ನೋಡಲು ಹಿಮಯುಗ ಬೇಕಾಗಿಯೂ ಇಲ್ಲ. ಉತ್ತರದ ಹೆರ್ಮೋನ್ ಬೆಟ್ಟ 2,814 ಮೀಟರ್ ಎತ್ತರವಿದೆ, ಪ್ರತಿ ಚಳಿಗಾಲದಲ್ಲೂ ಅಲ್ಲಿ ಹಿಮ ಬೀಳುತ್ತದೆ. ಜೆರುಸಲೇಮಿನಲ್ಲೂ ಅಪರೂಪಕ್ಕೆ ಬೀಳುತ್ತದೆ. 2013ರ ಡಿಸೆಂಬರ್‌ನಲ್ಲಿ ಬಿದ್ದ ಹಿಮಕ್ಕೆ ಆ ನಗರದ ರಸ್ತೆಗಳೇ ಮುಚ್ಚಿದ್ದವು. ಇನ್ನು ಮರುಭೂಮಿಯ ಅಂಚಿನ ಬಯಲಿನಲ್ಲಿ ಗಾಳಿ ಒಣ, ಆಕಾಶ ನಿರ್ಮಲ. ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ, ತಡೆಯಲು ಮೋಡದ ಹೊದಿಕೆ ಇರುವುದಿಲ್ಲ. ನೆಲದ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದರೆ ಗಾಳಿಯ ತೇವ ನೀರಾಗುವ ಹಂತವನ್ನೇ ಬಿಟ್ಟು ನೇರವಾಗಿ ಹರಳಾಗುತ್ತದೆ. ಅದೇ ಕೆಫೋರ್.

ಸೂರಿಲ್ಲದವನ ಚಳಿ

ಹಗಲಿನ ಸೆಕೆ, ರಾತ್ರಿಯ ಕೆರಖ್ ಎಂಬ ಜೋಡಿ ಹೀಬ್ರೂ ಗ್ರಂಥದಲ್ಲಿ ಎರಡು ಕಡೆ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು.

ಮೊದಲನೆಯದು ಆದಿಕಾಂಡ 31:40. ಯಾಕೋಬ ತನ್ನ ಸೋದರಮಾವನೂ ಹೆಣ್ಣು ಕೊಟ್ಟ ಮಾವನೂ ಆದ ಲಾಬಾನನ ಬಳಿ 20 ವರ್ಷ ಕುರಿ ಕಾಯ್ದಿದ್ದಾನೆ. ಕೂಲಿಯನ್ನು ಹತ್ತು ಸಲ ಬದಲಾಯಿಸಿದ ಮಾವ ಈಗ ಬೆನ್ನಟ್ಟಿ ಬಂದು ಕಳ್ಳತನದ ಆರೋಪ ಹೊರಿಸಿದ್ದಾನೆ. ಆಗ ಯಾಕೋಬ ಒಡೆದು ಮಾತಾಡುತ್ತಾನೆ. ಹಗಲಿನ ಬಿಸಿಲು ತನ್ನನ್ನು ತಿಂದಿತು, ರಾತ್ರಿಯ ಕೊರೆಯುವ ಚಳಿ ತಿಂದಿತು, ಕಣ್ಣಿಗೆ ನಿದ್ದೆ ಹತ್ತಲಿಲ್ಲ, ಕಾಡುಮೃಗ ಹರಿದ ಕುರಿಯ ನಷ್ಟವನ್ನೂ ತಾನೇ ಹೊತ್ತೆ ಎನ್ನುತ್ತಾನೆ. ಸಿಂಹ ಹಿಡಿದ ಕುರಿಯ ನಷ್ಟ ಒಡೆಯನದು ಎಂದು ಹಮ್ಮುರಾಬಿಯ ಕಾನೂನು ಕೂಡ ಹೇಳುತ್ತಿತ್ತು, ಕುರುಬ ಪ್ರಮಾಣ ಮಾಡಿದರೆ ಸಾಕಿತ್ತು. ಅಂದರೆ ಯಾಕೋಬನದು ಬರೀ ಗೊಣಗಾಟವಲ್ಲ, ನ್ಯಾಯದ ದೂರು. ಇಲ್ಲಿ ಕೆರಖ್ ದುಡಿದವನ ಸಾಕ್ಷಿಯಾಗಿ ಬರುತ್ತದೆ.

ಎರಡನೆಯದು ಯೆರೆಮೀಯ 36ನೇ ಅಧ್ಯಾಯ, ಕ್ರಿ.ಪೂ. 604ರ ಸುಮಾರಿನ ಘಟನೆ. ಒಂಬತ್ತನೇ ತಿಂಗಳು, ಗಟ್ಟಿ ಚಳಿಗಾಲ. ರಾಜ ಯೆಹೋಯಾಕೀಮ ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದಾನೆ. ಪ್ರವಾದಿ ಯೆರೆಮೀಯನ ಎಚ್ಚರಿಕೆಯ ಸುರುಳಿಯನ್ನು ಅವನ ಮುಂದೆ ಓದುತ್ತಾರೆ. ಮೂರು ನಾಲ್ಕು ಅಂಕಣ ಓದಿದಂತೆಲ್ಲ ರಾಜ ಆ ಭಾಗವನ್ನು ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಚಳಿ ಕಾಯಿಸಿಕೊಳ್ಳಲು ದೇವರ ಮಾತೇ ಸೌದೆಯಾಯಿತು. ಅದಕ್ಕೆ ಬಂದ ತೀರ್ಪು: ಅವನ ಹೆಣ ಹಗಲು ಸೆಕೆಗೆ, ರಾತ್ರಿ ಕೆರಖ್‌ಗೆ ಬಿದ್ದಿರುತ್ತದೆ. ಬಡ ಕುರಿಗಾಹಿ 20 ವರ್ಷ ಉಂಡ ಅದೇ ಚಳಿ, ಅದೇ ಪದ. ಈ ಜೋಡಿಯನ್ನು ನಾವು ಮೊದಲ ಸಲ ಅಕ್ಕಪಕ್ಕ ಇಟ್ಟು ನೋಡಿದಾಗ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಯೋಬನ ಗ್ರಂಥದಲ್ಲೇ ಮಂಜುಗಡ್ಡೆಯ ಇನ್ನೊಂದು ಮುಖವಿದೆ, 6ನೇ ಅಧ್ಯಾಯದಲ್ಲಿ. ಸಮಾಧಾನ ಹೇಳಲು ಬಂದ ಗೆಳೆಯರು ಯೋಬನ ಮೇಲೇ ತಪ್ಪು ಹೊರಿಸಿದಾಗ ಅವನು ಅವರನ್ನು ಮಳೆಗಾಲದ ಹಳ್ಳಕ್ಕೆ ಹೋಲಿಸುತ್ತಾನೆ. ಚಳಿಗಾಲದಲ್ಲಿ ಮಂಜುಗಡ್ಡೆಯಿಂದ ಕಪ್ಪಾಗಿ ತುಂಬಿ ಹರಿಯುವ ಹಳ್ಳ ಬೇಸಿಗೆ ಬಂದಾಗ, ಅಂದರೆ ನೀರು ಬೇಕಾದಾಗಲೇ, ಮಾಯ. ತೇಮಾ ಮತ್ತು ಶೆಬದ ವರ್ತಕರ ಸಾರ್ಥಗಳು ಅದನ್ನೇ ನಂಬಿ ಬಂದು ನಾಚಿಕೊಂಡು ನಿಲ್ಲುತ್ತವೆ. ಇಲ್ಲಿ ಮಂಜುಗಡ್ಡೆಯಲ್ಲಿ ಪವಿತ್ರವಾದದ್ದೇನೂ ಇಲ್ಲ. ಅದು ಕೈಕೊಟ್ಟ ಗೆಳೆತನ.

ಉಣ್ಣೆ, ಬೂದಿ, ರೊಟ್ಟಿಯ ಚೂರು

ನಮಗೆ ಕೇಳಿದರೆ, ಈ ವಿಷಯದ ತಿರುಳು ಇರುವುದು 147ನೇ ಕೀರ್ತನೆಯಲ್ಲಿ. ಸೆರೆಯಿಂದ ಚದುರಿದವರನ್ನು ಒಟ್ಟುಗೂಡಿಸಿ ಜೆರುಸಲೇಮನ್ನು ಮತ್ತೆ ಕಟ್ಟುವ ದೇವರ ಸ್ತುತಿ ಅದು. ಸಂಪ್ರದಾಯಸ್ಥ ಯಹೂದಿಗಳು ಇಂದಿಗೂ ಪ್ರತಿದಿನ ಬೆಳಗಿನ ಪ್ರಾರ್ಥನೆಯಲ್ಲಿ ಇದನ್ನು ಹೇಳುತ್ತಾರೆ. ಅದರ 16ನೇ ವಚನದಿಂದ ಹಿಮವನ್ನು ಉಣ್ಣೆಗೆ, ಕೆಫೋರನ್ನು ಬೂದಿಗೆ, ಕೆರಖನ್ನು ರೊಟ್ಟಿಯ ಚೂರುಗಳಿಗೆ ಹೋಲಿಸಲಾಗಿದೆ. ಮೂರೂ ಮನೆಯ ವಸ್ತುಗಳು: ಹೊದಿಕೆ, ಒಲೆ, ಊಟ. ಆಮೇಲೆ, ಈ ಚಳಿಯ ಮುಂದೆ ನಿಲ್ಲಬಲ್ಲವರು ಯಾರು ಎಂಬ ಪ್ರಶ್ನೆ.

ಅಲ್ಲಿಗೆ ನಿಂತರೆ ಅದು ಬರೀ ಶಕ್ತಿಪ್ರದರ್ಶನ ಆಗುತ್ತಿತ್ತು. ಕೀರ್ತನೆ ಮುಂದಕ್ಕೆ ಹೋಗುತ್ತದೆ. ದೇವರು ತನ್ನ ಮಾತನ್ನು ಕಳಿಸುತ್ತಾನೆ, ಎಲ್ಲ ಕರಗುತ್ತದೆ. ಗಾಳಿ ಬೀಸುತ್ತದೆ, ನೀರು ಹರಿಯುತ್ತದೆ. ಮರುವಚನದಲ್ಲೇ ಅದೇ ‘ಮಾತು’ ಎಂಬ ಪದ ಯಾಕೋಬನ ವಂಶಕ್ಕೆ ಕೊಟ್ಟ ಧರ್ಮಬೋಧೆಯಾಗಿ ಬರುತ್ತದೆ. ಮಂಜುಗಡ್ಡೆಯನ್ನು ಕರಗಿಸುವ ಮಾತು, ಜನರಿಗೆ ನಿಯಮ ಕೊಡುವ ಮಾತು ಎರಡೂ ಒಂದೇ. ಹೆಪ್ಪುಗಟ್ಟುವುದಷ್ಟೇ ಅಲ್ಲ, ಕರಗುವುದೂ ಈ ಚಿತ್ರದ ಭಾಗ. ಚದುರಿದವರು ಮರಳಿ ಬರುವ ಕೀರ್ತನೆಯಲ್ಲಿ ಇದು ಸುಮ್ಮನೆ ಬಂದ ವರ್ಣನೆ ಅನಿಸುವುದಿಲ್ಲ.

ಯೋಬನ ಗ್ರಂಥದ 37:10ರಲ್ಲಿ ದೇವರ ಉಸಿರಿನಿಂದ ಮಂಜುಗಡ್ಡೆ ಉಂಟಾಗುತ್ತದೆ ಎಂಬ ಮಾತಿದೆ. ಉಸಿರಿಗೆ ಅಲ್ಲಿರುವ ಪದ ‘ನೆಶಾಮಾ’. ಆದಿಕಾಂಡದಲ್ಲಿ ಮಣ್ಣಿನ ಮನುಷ್ಯನ ಮೂಗಿಗೆ ಊದಿದ ಜೀವದ ಉಸಿರಿಗೂ ಅದೇ ಪದ. ಒಂದೇ ಉಸಿರು ಅಲ್ಲಿ ಜೀವ ಕೊಡುತ್ತದೆ, ಇಲ್ಲಿ ನೀರನ್ನು ಬಿಗಿಯುತ್ತದೆ. ಅದೇ ಅಧ್ಯಾಯದಲ್ಲಿ ಹಿಮ ಮನುಷ್ಯರ ಕೈಗಳನ್ನು ಮುದ್ರೆಯೊತ್ತಿ ಮುಚ್ಚಿದಂತೆ ನಿಲ್ಲಿಸುತ್ತದೆ, ಕೆಲಸ ಬಿಟ್ಟು ದೇವರ ಕೆಲಸವನ್ನು ನೋಡಲಿ ಎಂದು.

ರೊಟ್ಟಿಯ ಚೂರಿನ ಹೋಲಿಕೆಗೆ ಒಂದು ಮರುದನಿಯೂ ಇದೆ. ವಿಮೋಚನಕಾಂಡ 16:14ರಲ್ಲಿ ಮರುಭೂಮಿಯ ಜನರಿಗೆ ಮನ್ನಾ ಎಂಬ ಆಹಾರ ಸಿಕ್ಕಾಗ ಅದು ನೆಲದ ಮೇಲೆ ಕೆಫೋರಿನಂತೆ ತೆಳ್ಳಗೆ ಕಾಣುತ್ತದೆ, ಬಿಸಿಲೇರಿದರೆ ಕರಗುತ್ತದೆ. ಅಲ್ಲಿ ರೊಟ್ಟಿ ಇಬ್ಬನಿಯಂತೆ, ಇಲ್ಲಿ ಮಂಜುಗಡ್ಡೆ ರೊಟ್ಟಿಯಂತೆ. ಎರಡನ್ನೂ ನಾಳೆಗೆಂದು ಕೂಡಿಡಲು ಬರುವುದಿಲ್ಲ.

ಬಿಳಿ ಎಂದರೆ ಕ್ಷಮೆಯೇ?

ಪಾಪ ತೊಳೆದು ಹಿಮಕ್ಕಿಂತ ಬಿಳಿಯಾಗುವ ಮಾತು 51ನೇ ಕೀರ್ತನೆಯಲ್ಲಿದೆ, ಯೆಶಾಯ 1:18ರಲ್ಲೂ ಹಿಮದ ಬಿಳುಪು ಬರುತ್ತದೆ. ಇಷ್ಟು ನಿಜ. ಆದರೆ ಎರಡೂ ಕಡೆ ಇರುವುದು ಶೆಲೆಗ್, ಕೆರಖ್ ಅಥವಾ ಕೆಫೋರ್ ಅಲ್ಲ. ಅದೇ ಶೆಲೆಗ್ ಬಿಳುಪು ಚರ್ಮರೋಗದ ಗುರುತಾಗಿಯೂ ಬರುತ್ತದೆ: ಮೋಶೆಯ ಕೈ, ಮಿರ್ಯಾಮಳ ಮೈ, ಗೇಹಜಿಯ ಶಿಕ್ಷೆ. ಹಾಗಾಗಿ ಬಿಳಿ ಕಂಡಲ್ಲೆಲ್ಲ ಪವಿತ್ರ ಎನ್ನುವಂತಿಲ್ಲ.

ಇನ್ನೂ ಜಾಣತನದ ವಾದ ಒಂದಿದೆ. ಕೆಫೋರ್ ಮತ್ತು ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್, ಎರಡರಲ್ಲೂ ಅವೇ ವ್ಯಂಜನಗಳು, ಆದ್ದರಿಂದ ಹೆಪ್ಪುಗಟ್ಟಿದ ಇಬ್ಬನಿ ಎಂದರೆ ಪಾಪವನ್ನು ಮುಚ್ಚುವ ಹೊದಿಕೆ ಎಂಬುದು. ಕೇಳಲು ಚೆನ್ನಾಗಿದೆ. ಆದರೆ ತನಖ್‌ನಲ್ಲಿ ಕೆಫೋರ್ ಎಲ್ಲಿಯೂ ಪ್ರಾಯಶ್ಚಿತ್ತದ ಸಂದರ್ಭದಲ್ಲಿ ಬರುವುದಿಲ್ಲ. ಅಕ್ಷರ ಕೂಡಿದ ಮಾತ್ರಕ್ಕೆ ಅರ್ಥ ಕೂಡುವುದಾದರೆ, ಕೆರಖ್‌ನ ಮೂರು ವ್ಯಂಜನಗಳಲ್ಲೇ ‘ಬೋಳುತಲೆಯವ’ ಎಂಬ ಪದವೂ ಇದೆ, ಮೋಶೆಗೆ ಎದುರು ನಿಂತ ಕೋರಹನ ಹೆಸರೂ ಇದೆ. ಮಂಜುಗಡ್ಡೆ, ಬೋಳುತಲೆ, ಬಂಡಾಯ ಮೂರನ್ನೂ ಸೇರಿಸಿ ಯಾವ ಪ್ರವಚನ ಮಾಡೋಣ?

ತಲೆಯ ಮೇಲಿನ ಮಂಜುಗಡ್ಡೆ

ಕ್ರಿ.ಪೂ. 593ರ ಸುಮಾರಿಗೆ ಬಾಬೆಲಿನ ಸೆರೆಯಲ್ಲಿ, ಕೆಬಾರ್ ಕಾಲುವೆಯ ಬಳಿ ಯೆಹೆಜ್ಕೇಲ ಒಂದು ದರ್ಶನ ಕಾಣುತ್ತಾನೆ. ನಾಲ್ಕು ಜೀವಿಗಳ ತಲೆಯ ಮೇಲೆ ಹರಡಿದ ಆಕಾಶ, ಅದು ಭಯ ಹುಟ್ಟಿಸುವ ಕೆರಖ್‌ನಂತೆ ಹೊಳೆಯುತ್ತದೆ, ಅದರ ಮೇಲೆ ಸಿಂಹಾಸನ. ಕೆಲವು ಅನುವಾದಗಳಲ್ಲಿ ಇಲ್ಲಿ ‘ಸ್ಫಟಿಕ’ ಎಂದಿರುತ್ತದೆ. ಕಾರಣ ಸರಳ. ಪ್ರಾಚೀನ ಗ್ರೀಕ್ ಅನುವಾದಕರು ಬಳಸಿದ ‘ಕ್ರುಸ್ಟಲ್ಲೋಸ್’ ಎಂಬ ಪದಕ್ಕೆ ಮಂಜುಗಡ್ಡೆ, ಸ್ಫಟಿಕ ಎರಡೂ ಅರ್ಥ. ವಿಪರೀತ ಚಳಿಗೆ ಹೆಪ್ಪುಗಟ್ಟಿದ ನೀರೇ ಸ್ಫಟಿಕ ಎಂದು ರೋಮಿನ ಪ್ಲಿನಿ ಬರೆದಿದ್ದ, ಆ ನಂಬಿಕೆ ಶತಮಾನಗಳ ಕಾಲ ಉಳಿಯಿತು. ಸ್ಫಟಿಕ ಸಿಲಿಕಾನ್ ಮತ್ತು ಆಮ್ಲಜನಕದ ಖನಿಜ, ಅದರಲ್ಲಿ ಹೆಪ್ಪುಗಟ್ಟಿದ ನೀರಿಲ್ಲ. ಇಂಗ್ಲಿಷಿನ ‘ಕ್ರಿಸ್ಟಲ್’ ಎಂಬ ಪದ ಮಾತ್ರ ಆ ಗ್ರೀಕ್ ಮಂಜುಗಡ್ಡೆಯಿಂದಲೇ ಬಂದದ್ದು.

ಮನುಷ್ಯನ ಕೈ ಮುಟ್ಟದ ನೀರು

ತನಖ್ ಮುಗಿದ ಮೇಲೂ ಈ ವಿಚಾರ ಮುಂದುವರಿಯಿತು. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಮಿಷ್ನಾ ಎಂಬ ಯಹೂದಿ ನಿಯಮಗ್ರಂಥದಲ್ಲಿ ಶುದ್ಧಿಸ್ನಾನದ ಕೊಳ, ಅಂದರೆ ಮಿಕ್ವೆ ಕುರಿತು ಒಂದು ಭಾಗವೇ ಇದೆ. ಕೊಳದಲ್ಲಿ 40 ಸೆಆ ಎಂಬ ಅಳತೆಯ ನೀರು ಇರಬೇಕು. ಅದು ಮಳೆಯಿಂದಲೋ ಚಿಲುಮೆಯಿಂದಲೋ ತಾನಾಗಿ ಕೂಡಿರಬೇಕು, ಕೊಡದಲ್ಲಿ ಹೊತ್ತು ತುಂಬಿದ್ದು ಆಗುವುದಿಲ್ಲ. ಅಳತೆಗೆ ಸ್ವಲ್ಪ ಕಡಿಮೆ ಬಿದ್ದರೆ ಯಾವುದನ್ನು ಸೇರಿಸಬಹುದು? ಹಿಮ, ಆಲಿಕಲ್ಲು, ಕೆಫೋರ್, ಮಂಜುಗಡ್ಡೆ ಎಲ್ಲವೂ ಆ ಪಟ್ಟಿಯಲ್ಲಿವೆ. ಹೊತ್ತು ತರುವಾಗ ಅದಿನ್ನೂ ನೀರಲ್ಲ, ಕೊಳದಲ್ಲಿ ಕರಗಿದಾಗಷ್ಟೇ ನೀರು. ಹಾಗಾಗಿ ಮನುಷ್ಯ ಹೊತ್ತ ನೀರು ಎಂಬ ದೋಷ ಅದಕ್ಕೆ ತಟ್ಟುವುದಿಲ್ಲ ಎಂದು ವಿವರಿಸುತ್ತಾರೆ.

ಈ ನಿಯಮದ ಮೇಲೂ ಜಗಳವಾಯಿತು. ಹಿಮದಿಂದ ಕೊಳದ ಅಳತೆ ತುಂಬಲಾಗದು ಎಂದು ರಬ್ಬಿ ಇಷ್ಮಾಯೇಲ್ ತಮ್ಮೊಡನೆ ವಾದಿಸುತ್ತಿದ್ದರು ಎಂದು ರಬ್ಬಿ ಅಕಿವಾ ನೆನೆಯುತ್ತಾರೆ. ಆದರೆ ಇಂದಿನ ಜೋರ್ಡಾನಿನಲ್ಲಿರುವ ಮೆದೆಬಾ ಊರಿನವರು ಬಂದು ಬೇರೆಯೇ ಸಾಕ್ಷಿ ಹೇಳಿದರು. ಅವರ ಊರಿನವರಿಗೆ ಇದೇ ಇಷ್ಮಾಯೇಲ್, ಹೋಗಿ ಹಿಮ ತಂದು ಕೊಳವನ್ನು ಮೊದಲಿನಿಂದಲೇ ಅದರಲ್ಲಿ ಮಾಡಿಕೊಳ್ಳಿ ಎಂದು ಅಪ್ಪಣೆ ಕೊಟ್ಟಿದ್ದರಂತೆ.